ಇರುವೆಗೆ ಅಂಟಿಸಿದ ಬಾಲ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಹೇಗಿದ್ದೀಯ? ಮಗಳ ಕೆಮ್ಮು ಇಳಿಯಿತೇ? ನಿನ್ನ ಸಂದೇಶಗಳಿಗೆ ಉತ್ತರ ಕೊಡಲಿಲ್ಲ, ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಕಂಪ್ಯೂಟರ್ ತೆರೆಯಲೂ ಹೇಸಿಗೆಯಾಗುತ್ತದೆ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಕೋಳಿ ಕೆದರಿದ ಹಾಗಿದೆ ಅಕ್ಷರ, ಸಹಿಸಿಕೋ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಮ್ಮವರು ಮಾತ್ರ ನನ್ನಿಂದ ಬೇಸತ್ತಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ ಏನೋ ನೆನಪಾಗಿ "ಥೂ" ಎಂದೆ. "ಅಡುಗೆ ನಾನು ಮಾಡಿದ್ದು. ಥೂ ಅಂದಿದ್ದು ಅಡುಗೆಗೋ ನನಗೋ, ಅಷ್ಟು ಹೇಳ್ಬಿಡು" ಎಂದರು ಪಾಪ. ಇಬ್ಬರಿಗೂ ಅಲ್ಲ ಎಂದು ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು.

ವಿಷಯ ನಮ್ಮ ಇರುವೆಯದು. ಅದನ್ನು ನೀನು ನನ್ನಷ್ಟೇ ಬಲ್ಲೆ, ಆದರೂ ಹೇಳುತ್ತೇನೆ. ಹೇಳಿದರೆ ಬಾಯಿ ಸ್ವಲ್ಪ ತೊಳೆದುಕೊಂಡ ಹಾಗೆ ಅನ್ನಿಸುತ್ತದೆ. ಇರುವೆ ಎಂದು ಹೆಸರಿಟ್ಟು ನಾವಿಬ್ಬರೂ ಸೇರಿ ಬರೆದ ಆ ಪುಟ್ಟ ವೆಬ್ ಸರ್ವರ್ ಪ್ರೋಗ್ರಾಂ ಮಾಡುತ್ತಿದ್ದುದೇನು? ಯಾರೋ ವೆಬ್‌ಸೈಟಿನ ಒಂದು ಪುಟ ಕೇಳಿದರೆ ತೆಗೆದು ಕೊಡುವುದು, ಸುಮ್ಮನಾಗುವುದು. ಕೇಳಿದವರು ಯಾರು, ಎಲ್ಲಿಯವರು ಎಂಬ ಉಸಾಬರಿ ಅದಕ್ಕಿರಲಿಲ್ಲ. ಯುನಿಕ್ಸ್ ಜಾತಿಯ ಯಾವ ಮುದಿ ಕಂಪ್ಯೂಟರ್ ಯಂತ್ರಕ್ಕೆ ಹಾಕಿದರೂ ಭಾರವೇ ಗೊತ್ತಾಗುತ್ತಿರಲಿಲ್ಲ. ಹೊಸದೊಂದು ಸೇರಿಸಬೇಕಾದರೆ ಹಳೆಯದೊಂದು ತೆಗೆಯಲೇಬೇಕು ಎಂದು ನೀನು ಹಟ ಹಿಡಿದದ್ದರಿಂದ ಅದು ಇರುವೆಯಾಗಿ ಉಳಿಯಿತು, ನನ್ನ ಕೈಗೇ ಬಿಟ್ಟಿದ್ದರೆ ಎಂದೋ ಆನೆಯಾಗುತ್ತಿತ್ತು. ಬದಲಾವಣೆ ಬರೆದವಳು ಸಾಲು ಸಾಲಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕೇಳಿ "ಸರಿ" ಅನ್ನಬೇಕು, ಇಬ್ಬರ ಸಹಿ ಬಿದ್ದ ಮೇಲೆ ಹೊರಗೆ ಬಿಡಬೇಕು. ಹುಚ್ಚು ಪದ್ಧತಿ ಎಂದು ನಕ್ಕವರೇ ಕೊನೆಗೆ ನಮ್ಮದನ್ನು ನಂಬಿ ಹಾಕಿಕೊಂಡರು.

ಹಾಗೆ ನಂಬಿದವರಲ್ಲಿ, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ಆಶ್ರಯ ಕೊಡುವ ಸಂಸ್ಥೆಯೂ ಒಂದು. ಕಳೆದ ವಾರ ಅಲ್ಲಿನ ಮೇಲ್ವಿಚಾರಕಿ ಬರಹೇಳಿದರು. ಹೋದೆ. ಅವರ ಕೋಣೆಯಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಗೋಡೆಗೆ ಒರಗಿ ಕೂತಿದ್ದಳು, ಬಲಗೈಗೆ ಪ್ಲಾಸ್ಟರ್.

"ಮನೆ ಬಿಟ್ಟು ಹೊರಗೆ ಬರೋದು ಹೇಗೆ ಅಂತ ಇವ್ರ ಪುಟ ಓದಿದ್ದೆ, ಅಷ್ಟೇ ಅಕ್ಕ. ಓದಿ ಅಳಿಸಿಬಿಟ್ಟಿದ್ದೆ" ಎಂದಳು. "ಆಮೇಲೆ ಅವನು ಅದೇ ಫೋನಲ್ಲಿ ಆಟ ನೋಡ್ತಾ ಕೂತಿದ್ದ. ಮಧ್ಯೆ ಜಾಹೀರಾತು ಬಂತು. ಹೊಡೆಯೋ ಗಂಡನಿಂದ ಬಿಡುಗಡೆ ಬೇಕಾ, ವಕೀಲರು ಹತ್ತಿರದಲ್ಲೇ ಇದ್ದಾರೆ ಅಂತ. ಮತ್ತೆ ಮತ್ತೆ ಅದೇ ಬಂತು. ಅವನು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದ."

ಅಲ್ಲೇ ಕೂತು ಅವರ ಸರ್ವರ್ ತೆರೆದು ನೋಡಿದೆ. ಹೊಸ ಆವೃತ್ತಿಯಲ್ಲಿ ಇರುವೆ ತಾನು ಕೊಡುವ ಪ್ರತಿ ಪುಟದ ಕೊನೆಗೂ ಕಾಣದ ಬಾಲವೊಂದನ್ನು ಅಂಟಿಸುತ್ತಿದೆ. ಪುಟ ತೆರೆದವರು ಯಾರೆಂದು ಆ ಬಾಲ ಜಾಹೀರಾತಿನವರಿಗೆ ಹೋಗಿ ಹೇಳುತ್ತದೆ. ನಮ್ಮ ಇರುವೆ ಚಾಡಿ ಹೇಳುತ್ತಿದೆ, ಕಡ್ಡಿ! ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ.

ಅಲ್ಲಿಂದ ನೇರವಾಗಿ ನೀನು ಈಗ ಕೆಲಸ ಮಾಡುವ ಕಂಪನಿಗೇ ಹೋದೆ. ನೀನು ರಜೆಯಲ್ಲಿದ್ದೆಯಂತೆ. ಇರುವೆಯನ್ನು ತಮ್ಮ ಯಂತ್ರಗಳಿಗೆ ತುಂಬಿ ಊರೆಲ್ಲ ಹಂಚುವುದು ಅವರೇ ತಾನೆ? ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದಾ ಹಲ್ಲು ಕಿರಿಯುತ್ತಾನಲ್ಲ, ನಿಮ್ಮ ಆ ಮ್ಯಾನೇಜರ್ ಬಂದ.

"ಮೇಡಂ, ಅದೊಂದು ಸೌಲಭ್ಯ. ಬೇಡದವ್ರು ಆಫ್ ಮಾಡ್ಕೋಬಹುದು."

"ಇದೆ ಅಂತಲೇ ಗೊತ್ತಿಲ್ದೋರು ಏನಪ್ಪಾ ಆಫ್ ಮಾಡ್ಕೊಳ್ಳೋದು?"

ಪ್ಲಾಸ್ಟರ್ ಹಾಕಿದ ಕೈಯ ಕಥೆ ಹೇಳಿದೆ. ತಲೆ ಆಡಿಸಿದ. "ಛೆ. ಆದ್ರೆ ಅದು ಅವ್ರ ಮನೆ ವಿಷಯ ಅಲ್ವಾ ಮೇಡಂ?" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದ. ಬಿಸ್ಕತ್ತು! ಅವನು ಕುಲುಕಿದ ಕೈಯನ್ನು ಮನೆ ಸೇರುವವರೆಗೂ ಕರವಸ್ತ್ರಕ್ಕೆ ಒರೆಸುತ್ತಲೇ ಇದ್ದೆ. ಅಷ್ಟು ನುಣ್ಣಗೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಜಿಡ್ಡು ಹತ್ತಿದಂತಾಗುತ್ತದೆ.

ಬಾಲ ಕತ್ತರಿಸಿದ ಆವೃತ್ತಿಯೊಂದನ್ನು ಸಿದ್ಧ ಮಾಡಿ ಇಟ್ಟಿದ್ದೇನೆ. ಆದರೆ ನಿನ್ನ ಸಹಿಯಿಲ್ಲದೆ ಅದು ಹೊರಗೆ ಹೋಗುವುದಿಲ್ಲ, ನಾವೇ ಕಟ್ಟಿಕೊಂಡ ಪದ್ಧತಿ. ಆಶ್ರಯದವರ ಯಂತ್ರದಿಂದ ಬಾಲವನ್ನು ಕೈಯಾರೆ ತೆಗೆದು ಬಂದೆ. ಉಳಿದ ಕಡೆಗಳಲ್ಲಿ ಅದು ಈಗಲೂ ಚಾಡಿ ಹೇಳುತ್ತಿದೆ. ಇನ್ನೆಷ್ಟು ಮನೆಗಳಲ್ಲಿ ಯಾರು ಫೋನು ಕೆಳಗಿಟ್ಟು ಯಾರ ಕಡೆ ತಿರುಗುತ್ತಾರೋ. ಆದಷ್ಟು ಬೇಗ ಬಾ. ಇದನ್ನು ಒಳಗೆ ಬಿಟ್ಟವರು ಯಾರು ಎಂದು ಮೇಲ್ವಿಚಾರಕಿ ಕೇಳಿದರು. ಹುಡುಕುತ್ತೇನೆ ಎಂದು ಹೇಳಿ ಬಂದೆ.

ಮಗಳಿಗೆ ನನ್ನ ಮುತ್ತು. ಚೆನ್ನಾಗಿ ಓದಲಿ, ಆರೋಗ್ಯವಾಗಿರಲಿ, ನೂರು ವರ್ಷ ಬಾಳಲಿ. ನಿನಗೂ ಒಳ್ಳೆಯದಾಗಲಿ.

ನಿನ್ನ,
ದಪ್ಪಿ

ಮತ್ತೊಂದು ಮಾತು: ಹುಡುಕುವುದೇನೂ ಇರಲಿಲ್ಲ. ಆ ಸಾಲುಗಳ ಕೆಳಗೆ ನಿನ್ನ ಸಹಿ, ಅದರ ಕೆಳಗೆ ನನ್ನದು. ಕಣ್ಣಿನ ಆಪರೇಷನ್ ಆಗಿ ನಾನು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನೀನೇ ಬಂದು ಪಕ್ಕದಲ್ಲಿ ಕೂತು ಆ ಆವೃತ್ತಿಯನ್ನು ಓದಿದ್ದು. ಎಲ್ಲವನ್ನೂ ನೀನು ಓದಿದೆ, ಬಾಲದ ಸಾಲುಗಳನ್ನು ಬಿಟ್ಟು. ಎಲ್ಲೂ ತಡವರಿಸಲಿಲ್ಲ, ದನಿ ನಡುಗಲಿಲ್ಲ. ಮಧ್ಯೆ ನಿಲ್ಲಿಸಿ ನನಗೆ ನೀರು ಕುಡಿಸಿದೆ. ನಾನು "ಸರಿ" ಎಂದ ಮೇಲೆ ನನ್ನ ಬೆರಳು ಹಿಡಿದು ಸಹಿಯ ಗುಂಡಿಯ ಮೇಲೆ ಇಟ್ಟವಳೂ ನೀನೇ. ಮ್ಯಾನೇಜರನ ಕೈ ಮುಟ್ಟಿದ್ದು ಒರೆಸಿದರೆ ಹೋಯಿತು, ಇದು ಹೋಗುತ್ತಿಲ್ಲ. ಬಂದು ಸಹಿ ಹಾಕು. ಊಟ ಮಾಡಿಕೊಂಡು ಹೋಗು ಎಂದು ಮಾತ್ರ ಹೇಳಲಾರೆ.