ಗ್ಲೆಂಡೇಲ್‌ನಲ್ಲಿ ನಕ್ಕರು

ಮಾರ್ಚ್ ೧೪, ೧೯೩೯, ಮಂಗಳವಾರ

ಆ ನಗು ಇನ್ನೂ ಕಿವಿಯಲ್ಲಿದೆ. ಇಷ್ಟು ವರ್ಷ ಸಿನಿಮಾಗಳಲ್ಲಿ ತಟ್ಟೆ ಬೀಳಿಸುವ ಬಟ್ಲರನಾಗಿ ನಗಿಸಿದ ನನಗೆ ಈ ಚಿತ್ರದಲ್ಲಿ ಮೊದಲ ಸಲ ಅಳುವ ದೃಶ್ಯ ಸಿಕ್ಕಿತ್ತು. ಮಗ ಸತ್ತ ಸುದ್ದಿ ಕೇಳುವ ತಂದೆಯ ಪಾತ್ರ. ಇವತ್ತು ಗ್ಲೆಂಡೇಲ್ ಊರಿನ ಥಿಯೇಟರಿನಲ್ಲಿ, ಬಿಡುಗಡೆಗೆ ಮುಂಚೆ, ಚಿತ್ರವನ್ನು ಜನರಿಗೆ ತೋರಿಸಿ ನೋಡಿದರು. ಪರದೆಯ ಮೇಲೆ ನನ್ನ ಅಳುಮುಖ ಬಂದದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೇಜಾರ್ ಮಾಡ್ಕೋಬೇಡಿ ವೆಂಡೆಲ್, ಆ ದೃಶ್ಯ ಕತ್ತರಿಸಿಬಿಡ್ತೀನಿ," ಎಂದ ನಿರ್ದೇಶಕ.

ಕಾರಿನಲ್ಲಿ ಹೆಂಡತಿ ಹ್ಯಾಟಿ ಕೇಳಿದಳು, "ನಮ್ಮ ಮಗ ಕ್ಲೈಡ್ ತೀರಿ ಹೋದಾಗ ಆಸ್ಪತ್ರೇಲಿ ನೀವು ಹಿಂಗೇ ಅತ್ತಿದ್ರಿ, ಅಲ್ವಾ?"

"ಹೂಂ. ಬೇರೆ ಥರ ಅಳೋಕೆ ನಂಗೆ ಬರಲ್ಲ ಕಣೇ."

ಅವಳು ನನ್ನ ತೋಳು ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.

ನಾಳೆ ಬೆಳಿಗ್ಗೆ ಇನ್ನೊಂದು ಚಿತ್ರಕ್ಕೆ ನಾನು ಸೂಪಿನ ಪಾತ್ರೆ ಹೊತ್ತು ಜಾರಿ ಬೀಳಬೇಕು. ಅದನ್ನು ಯಾರೂ ಕತ್ತರಿಸುವುದಿಲ್ಲ.