ಬೆಲೆ ಮೊದಲು, ಕುರ್ಚಿ ಆಮೇಲೆ

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಮ್ಮಿಂದ ಕುರ್ಚಿಯ ಕಾಲು ಮಾಡಿಸಿಕೊಳ್ಳಬೇಕೆಂದಿರುವ ಕಂಪನಿಯ ಕಚೇರಿಗೆ ಇವತ್ತು ಹೋಗಿ ಬಂದೆ. ಖಾಲಿ ಮೇಜಿನ ಮೇಲೆ ಬರೀ ಒಂದು ಬೆಲೆಚೀಟಿ ನಿಲ್ಲಿಸಿದ್ದರು. "ಕುರ್ಚಿ ಎಲ್ಲಿ?" ಎಂದೆ.

"ಮೊದಲು ಬೆಲೆ ಕಣಮ್ಮ, ಅದಕ್ಕೆ ತಕ್ಕ ಹಾಗೆ ಆಮೇಲೆ ಕುರ್ಚಿ. ವರ್ಷ ವರ್ಷ ಬೆಲೆ ಇಳಿಸ್ತೀವಿ, ನಿಮ್ಮಣ್ಣನೂ ಇಳಿಸ್ಬೇಕು," ಎಂದು ಖರೀದಿ ಅಧಿಕಾರಿ ನಕ್ಕ.

"ಮರದ ಬೆಲೆ ಏರಿದ್ರೆ?"

"ಕೂಲಿ ಇದೆಯಲ್ಲ, ಅದನ್ನ ಇಳಿಸ್ಲಿ!"

ನನಗೆ ಮೈಯೆಲ್ಲ ಉರಿದುಹೋಯಿತು. ಬಡವರಿಗೂ ಅಗ್ಗದ ಕುರ್ಚಿ ಸಿಗುತ್ತದೆಂದು ಇದಕ್ಕೆ ಅವರು ಬಡವರ ಸೇವೆ ಎನ್ನುತ್ತಾರೆ. ಅವರ ಅಂಗಡಿಯಲ್ಲಿ ಜನ ಬಿಡಿಭಾಗಗಳ ಚಪ್ಪಟೆ ಪೆಟ್ಟಿಗೆ ಹೊತ್ತು ನಗುತ್ತ ಹೋಗುತ್ತಿದ್ದರು. ಮನೆಯಲ್ಲಿ ಜೋಡಿಸುವ ಕೆಲಸವೂ ಕೊಂಡವರದೇ. ಅಲ್ಲಿದ್ದ ಒಂದು ಕುರ್ಚಿಯಲ್ಲಿ ಕೂತು ನೋಡಿದೆ, ಗಟ್ಟಿಯಾಗಿದೆ. ಅದೇ ನನಗೆ ಭಯ: ಅಗ್ಗವೂ ಹೌದು, ಗಟ್ಟಿಯೂ ಹೌದು ಎಂದಮೇಲೆ ಯಾರ ಕೂಲಿ ಇಳಿಯಿತೆಂದು ಯಾರು ಕೇಳುತ್ತಾರೆ?

ನನ್ನ ಕೆಮ್ಮು ಕಡಿಮೆಯಾಗಿದೆ, ಅಮ್ಮನಿಗೆ ಹೇಳು.

ಕಂಪನಿಗೆ ತೋರಿಸಲು ನೀನು ಮಾಡಿಕೊಟ್ಟ ಕುರ್ಚಿಯ ಮಾದರಿ ಕಾಲನ್ನು ಒಪ್ಪಿಸಲು ನಾಳೆಯೇ ಕೊನೆಯ ದಿನ. ಈ ಕಾರ್ಡು ನಿನ್ನ ಕೈ ಸೇರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕಾಲು ನನ್ನ ಚೀಲದಲ್ಲೇ ಇದೆ, ಅಲ್ಲೇ ಇರುತ್ತದೆ. ನಮ್ಮ ಕೆಲಸಗಾರರ ಕೂಲಿ ಕತ್ತರಿಸುವ ಕೈ ನಿನ್ನದಾಗುವುದು ಬೇಡ. ಬೈಯುವುದಿದ್ದರೆ ಊಟ ಹಾಕಿ ಬೈ.

ಅಂಚೆಯವನು ಪೆಟ್ಟಿಗೆ ತೆರೆಯುತ್ತಿದ್ದಾನೆ, ಓಡುತ್ತೇನೆ.

ನಿನ್ನ ತಲೆಹರಟೆ ತಂಗಿ