ಗಾಡಿಯ ಬಾಗಿಲು ಮುಚ್ಚಿದವಳು

ಗಡಿಯ ಅಂಚೆಮನೆ
ಮಾರ್ಚ್ ೩, ೧೭೩೧

ನನ್ನ ಮುದ್ದು ಒಟೀಲಿಗೆ ಅಮ್ಮನ ಸಾವಿರ ಮುತ್ತುಗಳು.

ಭಾನುವಾರ ನಿನ್ನ ತಂಗಿಯ ಮದುವೆ. ನಾನು ಅಲ್ಲಿರುವುದಿಲ್ಲ. ಕುದುರೆ ಬದಲಿಸುವ ತನಕ ಇಲ್ಲಿ ಒಲೆಯ ಪಕ್ಕ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ತಂದೆ ಕೇಳಿದರೆ, ಅಮ್ಮನ ಎದೆಗೆ ಆ ಊರಿನ ಚಳಿ ಒಗ್ಗಲಿಲ್ಲವಂತೆ ಎಂದುಬಿಡು. ನಿಜ ನಿನಗೊಬ್ಬಳಿಗೆ.

ಸಾಮ್ರಾಜ್ಞಿ ತಮ್ಮ ಅಣ್ಣನ ಮಗನಾದ ಯುವರಾಜನಿಗೆ ನಮ್ಮ ಸಿಡೋನಿಯನ್ನು ಕೇಳಿದಾಗ ನಾನು ಎಷ್ಟು ಹಿಗ್ಗಿದ್ದೆ, ನಿನಗೆ ಗೊತ್ತು. ಸೋರುವ ಮಾಡಿನ ನಮ್ಮ ಕೋಟೆಯಿಂದ ಅಷ್ಟು ದೊಡ್ಡ ಸಿಂಹಾಸನದ ಪಕ್ಕಕ್ಕೆ! ಅವನ ಸಿಡುಕನ್ನು ಕಂಡೂ ಕಾಣದವಳಂತೆ ಇದ್ದೆ.

ಹೋದ ವಾರ ಊಟದ ಹೊತ್ತಿನಲ್ಲಿ ಸಿಡೋನಿ ಪಕ್ಕದ ಮುದಿ ಸೇನಾಧಿಪತಿಗೆ ಅವರ ಭಾಷೆಯಲ್ಲೇ ಏನೋ ಹೇಳಿ ನಗಿಸಿದಳು. ಪರದೇಶದಲ್ಲಿ ಬೆಳೆದ ಯುವರಾಜನಿಗೆ ಆ ಭಾಷೆ ಇವಳಷ್ಟೂ ಬಾರದು. ತನ್ನನ್ನೇ ಆಡಿಕೊಂಡಳೆಂದು ತಿಳಿದು, ಬಿಸಿ ಸಾರಿನ ಬಟ್ಟಲನ್ನು ಅವಳ ಮಡಿಲಿಗೆ ಕವುಚಿದ. ಅಷ್ಟೂ ಜನ ತಲೆ ತಗ್ಗಿಸಿದರು. ನಾನು ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದೆ.

ಸಾಮ್ರಾಜ್ಞಿ ಚಮಚ ಕೆಳಗಿಟ್ಟು ಸಿಡೋನಿಯ ಕಡೆ ತಿರುಗಿದರು. "ತಪ್ಪು ಯಾರ್ದಮ್ಮಾ?"

ಅವಳ ಲಂಗದಿಂದ ಇನ್ನೂ ಹಬೆ ಏಳುತ್ತಿತ್ತು. "ನಮ್ಮಮ್ಮಂದೇ. ಅವಳನ್ನ ಊರಿಗೆ ಕಳಿಸ್ಬಿಡಿ" ಎಂದಳು.

ಒಬ್ಬಳೇ ಪೆಟ್ಟಿಗೆ ತುಂಬುವಾಗ ಅವಳನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ನನ್ನ ಕೋಣೆಯತ್ತ ಸುಳಿಯಲೂ ಇಲ್ಲ ಅವಳು.

ಹೊರಡುವ ಬೆಳಿಗ್ಗೆ ಮಾತ್ರ ಗಾಡಿಯ ಬಳಿ ಬಂದಳು. ತೊಡೆಯ ಸುಟ್ಟಗಾಯದ ನೋವಿಗೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. "ನಿನ್ನ ಪರ ಮಾತಾಡಿದ್ರೆ ನಿನ್ನನ್ನ ನದಿ ಕೋಟೆಲಿ ಕೂಡಿಹಾಕ್ತಿದ್ರಮ್ಮ. ಅವನಿಗೆ ಹೊಡೆದ ಮೇಷ್ಟ್ರು ಇನ್ನೂ ಅಲ್ಲೇ ಇದಾರೆ."

ನನಗೆ ಅಳು ಉಕ್ಕಿತು. "ಹತ್ತೇ, ಮನೆಗೆ ಹೋಗೋಣ. ಸಿಂಹಾಸನ ಹಾಳಾಗ್ಲಿ" ಎಂದು ಕೈ ಹಿಡಿದೆಳೆದೆ.

ಅವಳು ನಕ್ಕಳು. "ಬಂದು ಏನ್ಮಾಡ್ಲಿ? ನಿನ್ ಪಕ್ಕ ಕೂತು ಕಸೂತಿ ಹಾಕ್ಲಾ? ಅವತ್ತು ಎಲ್ಲ ತಲೆ ತಗ್ಗಿಸಿದ್ರಲ್ಲ, ನೋಡಿದ್ಯಾ? ಹೆದರಿ ಅಲ್ಲಮ್ಮ, ನಾಚಿಕೆಯಿಂದ. ಆ ಮುದುಕ ಮಾರನೇ ದಿನ ಮುಲಾಮು ಕೊಟ್ಟು ಕಳಿಸಿದ. ಇವ್ರೆಲ್ಲ ಒಂದಿನ ನನ್ನ ಮಾತು ಕೇಳ್ತಾರೆ. ಅವನ ಮಾತಲ್ಲ."

ಹದಿನಾರರ ಹುಡುಗಿ ಆಡುವ ಮಾತೇ ಇದು? ಅವಳಿಗಾಗಿ ಹೆದರಿದ್ದ ನಾನು ಆಗ ಅವಳಿಗೇ ಹೆದರಿದೆ. ಹೆಮ್ಮೆಯೂ ಆಯಿತು, ಯಾಕೆ ಮುಚ್ಚಿಡಲಿ. ಅವಳು ನನ್ನ ಮಂಡಿಯ ಮೇಲೆ ಕಂಬಳಿ ಹೊದಿಸಿ, ಸೇವಕನನ್ನು ಸರಿಸಿ, ಬಾಗಿಲನ್ನು ತಾನೇ ಹೊರಗಿನಿಂದ ಮುಚ್ಚಿದಳು.

ಕುದುರೆ ಸಿದ್ಧವಾಗಿದೆಯಂತೆ.

ದಾರಿಯಲ್ಲಿರುವ ನಿನ್ನ ಅಮ್ಮ,
ಹೆಡ್‌ವಿಗ್

ತಾ.ಕ.: ಯುವರಾಜನ ದಾಯಾದಿಯೊಬ್ಬನಿಗೆ ನಿನ್ನನ್ನು ನೋಡಿ ಕೇಳಲು ಹಿಮ ಕರಗಿದ ಮೇಲೆ ರಾಯಭಾರಿ ಬರುತ್ತಾನೆ. ನಿನಗೆ ಹುಟ್ಟಿನಿಂದಲೇ ಒಂದು ಕಾಲು ಗಿಡ್ಡವೆಂದು ಸಿಡೋನಿ ಸಾಮ್ರಾಜ್ಞಿಯ ಕಿವಿಗೆ ಹಾಕಿದ್ದಾಳೆ. ಗಾಡಿ ಹೊರಡುವಾಗ ಕಿಟಕಿಗೆ ಬಾಗಿ ಅವಳು ಹೇಳಿದ ಕೊನೆಯ ಮಾತು, "ರಾಯಭಾರಿ ಬಂದಾಗ ಅಕ್ಕ ಕುಂಟ್ಲಿ." ಎಡಗಾಲು, ಒಟೀಲಿ. ಇವತ್ತಿನಿಂದಲೇ ಅಭ್ಯಾಸ ಮಾಡು.